ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬೀಳುತ್ತದಾ? ಅಮ್ಮ ಅನ್ನ ಬಿಟ್ಟು ಎರಡು ತಿಂಗಳಾಯಿತು

ಹಳೇಪೇಟೆ ಮಗಳು:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೊ ನಡೆಯುತ್ತಿದೆ. ಆಪರೇಷನ್‌ಗೆ ಮುಂಚೆ ಪೆಟ್ ಸ್ಕ್ಯಾನ್ ಮಾಡಿಸಲು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಯಾರೋ ಅಮ್ಮನಿಗೆ, ನಿಮಗೆ ಸಕ್ಕರೆ ಚುಚ್ಚುತ್ತೇವೆ, ಗಡ್ಡೆ ಅದನ್ನು ಎಳೆದುಕೊಂಡು ಹೊಳೆಯುತ್ತದೆ ಅಂತ ಹೇಳಿದ್ದಾರೆ. ಆ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಚಿಕ್ಕಪ್ಪನ ಮೊಬೈಲಿಗೆ ಒಂದು ವಿಡಿಯೊ ಬಂತು. ಸಕ್ಕರೆಯೇ ಕ್ಯಾನ್ಸರಿನ ಊಟವಂತೆ, ಅದನ್ನು ಕಂಡುಹಿಡಿದು ಜರ್ಮನಿಯವನೊಬ್ಬ ನೊಬೆಲ್ ತಗೊಂಡನಂತೆ, ಅನ್ನ, ಮುದ್ದೆ, ಹಣ್ಣು ಎಲ್ಲ ನಿಲ್ಲಿಸಿದರೆ ಗಡ್ಡೆ ತಾನಾಗಿ ಸಾಯುತ್ತದಂತೆ.

ಅಂದಿನಿಂದ ಅಮ್ಮ ಅನ್ನ ಮುಟ್ಟಿಲ್ಲ. ಮುದ್ದೆ ಇಲ್ಲ, ಬಾಳೆಹಣ್ಣು ಇಲ್ಲ. ಸೊಪ್ಪು, ಸೌತೆಕಾಯಿ, ನಿಂಬೆ ನೀರು. 54 ಕೆಜಿ ಇದ್ದವರು 48 ಆಗಿದ್ದಾರೆ. ಬಿಳಿ ರಕ್ತಕಣ ಕಡಿಮೆ, ನಿಶ್ಶಕ್ತಿ ಬೇರೆ, ಹೋದ ವಾರದ ಕೀಮೊ ಮುಂದೆ ಹಾಕಿದರು. ನಾನು ಊಟ ಮಾಡಿ ಅಂದರೆ "ನೀನೇ ನನ್ನ ಗಡ್ಡೆಗೆ ಊಟ ಹಾಕ್ತೀಯಾ?" ಅನ್ನುತ್ತಾರೆ. ಆ ಮಾತಿಗೆ ನನಗೆ ಉತ್ತರ ಗೊತ್ತಿಲ್ಲ. ಕ್ಯಾನ್ಸರ್ ಸಕ್ಕರೆ ತಿನ್ನುವುದು ನಿಜವೋ ಸುಳ್ಳೋ? ತಿಳಿದವರು ಹೇಳಿ.

ಜಗಳೂರು ಬಸ್:
ಸುಳ್ಳಲ್ಲ ಅಕ್ಕ. ನಾನೂ ಓದಿದ್ದೇನೆ. ನಮ್ಮ ಪರಿಚಯದವರೊಬ್ಬರು ಸಕ್ಕರೆ ಪೂರ್ತಿ ಬಿಟ್ಟರು, ಈಗ ಆರಾಮಾಗಿದ್ದಾರೆ. ಬೆಲ್ಲ ಮಾತ್ರ ತಗೊಳ್ಳುತ್ತಾರೆ.

ಕುಂದವಾಡ ಕೆರೆ ದಂಡೆ:
ನಾನು ಬಯೋಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು. ಡಾಕ್ಟರ್ ಅಲ್ಲ. ಅಮ್ಮನ ಊಟದ ಬಗ್ಗೆ ಕೊನೆಯ ಮಾತು ಅವರ ಕ್ಯಾನ್ಸರ್ ಡಾಕ್ಟರದ್ದೇ ಆಗಬೇಕು. ಆದರೆ ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ ತಾಯಿ, ಯಾಕೆಂದರೆ ನಿಮಗೆ ಕಾಯುವಷ್ಟು ಸಮಯ ಇಲ್ಲ. ಅನ್ನ ಬಿಟ್ಟರೆ ಗಡ್ಡೆ ಉಪವಾಸ ಬೀಳುವುದಿಲ್ಲ. ಉಪವಾಸ ಬಿದ್ದಿರುವವರು ಅಮ್ಮ ಒಬ್ಬರೇ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಗ್ಲೂಕೋಸ್ ಎಷ್ಟು ಗೊತ್ತಾ? 4ರಿಂದ 5 ಗ್ರಾಂ. ಒಂದು ಟೀ ಚಮಚ. ಮಿದುಳಿಗೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಹಾಗಾದರೆ ಆ ಒಂದು ಚಮಚ ಖಾಲಿಯಾಗದ ಹಾಗೆ ಯಾರೋ ತುಂಬಿಸುತ್ತಲೇ ಇರಬೇಕು, ಅಲ್ವಾ? ಆ ಕೆಲಸ ಲಿವರಿನದು. ನೀವು ಊಟ ಮಾಡಿದರೆ ಊಟದಿಂದ ತುಂಬಿಸುತ್ತದೆ. ಮಾಡದಿದ್ದರೆ ಮೊದಲು ತನ್ನ ದಾಸ್ತಾನು ತೆಗೆಯುತ್ತದೆ, ಅದು ಒಂದು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಮೈಯ ಮಾಂಸಖಂಡದ ಪ್ರೋಟೀನ್ ಒಡೆದು ಗ್ಲೂಕೋಸ್ ಮಾಡುತ್ತದೆ. ರಕ್ತದ ಸಕ್ಕರೆ ಸ್ವಲ್ಪ ಇಳಿಯಬಹುದು, ಸೊನ್ನೆ ಆಗುವುದಿಲ್ಲ, ಸೊನ್ನೆ ಆಗಿಬಿಟ್ಟರೆ ಮನುಷ್ಯ ಬದುಕುವುದಿಲ್ಲ. ಗಡ್ಡೆಯ ಕೋಶಗಳ ಮೇಲೆ ಗ್ಲೂಕೋಸ್ ಎಳೆದುಕೊಳ್ಳುವ ಬಾಗಿಲು ಬೇರೆ ಕೋಶಗಳಿಗಿಂತ ಜಾಸ್ತಿ. ಇದ್ದದ್ದರಲ್ಲಿ ಅದು ತನ್ನ ಪಾಲು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಅಮ್ಮ ಕಳೆದುಕೊಂಡ 6 ಕೆಜಿಯಲ್ಲಿ ಅವರ ತೋಳಿನ, ತೊಡೆಯ ಮಾಂಸವೂ ಇದೆ.

ಬೆಲ್ಲದ ಬಗ್ಗೆ ಹೇಳಿದವರಿಗೆ: ಬೆಲ್ಲವೂ ಕರುಳಿನಲ್ಲಿ ಅದೇ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ವ್ಯತ್ಯಾಸ ಇಲ್ಲ.

ಸ್ಕ್ಯಾನ್ ರೂಮಿನವ:
ನಾನು ಹರಿಹರದವನು. ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಟೆಕ್ನಿಷಿಯನ್. ಇದನ್ನು ಓದಿ ಬೇಜಾರಾಯಿತು. ನಾವು ದಿನಾ ಹೇಳುವ ಮಾತು ಅದು, ಸಕ್ಕರೆ ಚುಚ್ಚುತ್ತೇವೆ ಅಂತ. ಯಾರ ಮನೆಯಲ್ಲಿ ಅದು ಏನಾಗುತ್ತದೆ ಎಂದು ಯೋಚಿಸಿರಲಿಲ್ಲ.

ಚುಚ್ಚುವುದು ಪೂರ್ತಿ ಸಕ್ಕರೆ ಅಲ್ಲ. ಗ್ಲೂಕೋಸಿನ ಒಂದು ಕಡೆ ಆಮ್ಲಜನಕದ ಜಾಗದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಕೂರಿಸಿರುತ್ತಾರೆ. ಎಫ್‌ಡಿಜಿ ಅನ್ನುತ್ತೇವೆ. ಕೋಶ ಅದನ್ನು ಗ್ಲೂಕೋಸ್ ಅಂದುಕೊಂಡು ಒಳಗೆ ತಗೊಳ್ಳುತ್ತದೆ, ಮೊದಲ ಹೆಜ್ಜೆಯ ಕೆಲಸ ಮಾಡುತ್ತದೆ, ಮುಂದಿನ ಹೆಜ್ಜೆ ಇಡಲು ಆಗುವುದಿಲ್ಲ. ಒಳಗೇ ಸಿಕ್ಕಿಕೊಳ್ಳುತ್ತದೆ. ಎಲ್ಲಿ ಜಾಸ್ತಿ ಸಿಕ್ಕಿಕೊಂಡಿದೆಯೋ ಅಲ್ಲಿ ಹೊಳಪು. ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ, ಅದಕ್ಕೇ ಅಷ್ಟು ಅವಸರ. ಚುಚ್ಚಿದ ಮೇಲೆ ಒಂದು ಗಂಟೆ ಮಾತಾಡದೆ ಕೂರಿಸುವುದೂ ಸುಮ್ನೆ ಅಲ್ಲ. ನಡೆದರೆ ಕಾಲಿನ ಸ್ನಾಯು ಹೊಳೆಯುತ್ತದೆ.

ಮುಖ್ಯ ವಿಷಯ ಏನೆಂದರೆ, ಪ್ರತಿ ಸ್ಕ್ಯಾನಿನಲ್ಲೂ ಎಲ್ಲಕ್ಕಿಂತ ಜೋರಾಗಿ ಹೊಳೆಯುವುದರಲ್ಲಿ ಮಿದುಳು ಒಂದು. ಅದು ಕ್ಯಾನ್ಸರ್ ಅಲ್ಲ. ಎಷ್ಟೋ ಜನರಲ್ಲಿ ಹೃದಯ ಹೊಳೆಯುತ್ತದೆ. ಟಿಬಿ ಇದ್ದವರ ಗಂಟುಗಳು ಹೊಳೆಯುತ್ತವೆ, ನಮ್ಮ ದೇಶದಲ್ಲಿ ಇದು ದೊಡ್ಡ ತಲೆನೋವು. ಮತ್ತೆ ಸ್ಕ್ಯಾನಿಗೆ ಬರುವವರೆಲ್ಲ 4-6 ಗಂಟೆ ಉಪವಾಸ ಇದ್ದೇ ಬರುವುದು. ಉಪವಾಸ ಇದ್ದರೂ ಗಡ್ಡೆ ಹೊಳೆಯುತ್ತದೆ. ಅಮ್ಮನಿಗೆ ಇದೊಂದು ಮಾತು ಹೇಳಿ ನೋಡಿ.

ಹಳೇಪೇಟೆ ಮಗಳು:
ಉಪವಾಸ ಇದ್ದಾಗಲೇ ಹೊಳೆದದ್ದು! ಇದು ಹೊಳೆದೇ ಇರಲಿಲ್ಲ ನನಗೆ. ಆದರೆ ಸಾರ್, ಆ ಜರ್ಮನಿಯವರ ವಿಷಯ? ಚಿಕ್ಕಪ್ಪ ಅದನ್ನೇ ಹಿಡಿದುಕೊಂಡಿದ್ದಾರೆ. ನೊಬೆಲ್ ಬಂದದ್ದು ಸುಳ್ಳಾ?

ಕುಂದವಾಡ ಕೆರೆ ದಂಡೆ:
ನೊಬೆಲ್ ಬಂದದ್ದು ನಿಜ. ಆಟೊ ವಾರ್ಬರ್ಗ್ ಅಂತ, ಬರ್ಲಿನ್‌ನಲ್ಲಿದ್ದರು. 1931ರಲ್ಲಿ ಬಂತು. ಆದರೆ ಅದು ಕೋಶದ ಉಸಿರಾಟ ನಡೆಸುವ ಕಿಣ್ವದ ಬಗೆಗಿನ ಕೆಲಸಕ್ಕೆ, ಸಕ್ಕರೆ ಬಿಡಿ ಅಂದದ್ದಕ್ಕಲ್ಲ.

1920ರ ದಶಕದಲ್ಲಿ ಅವರು ಇಲಿಯ ಗಡ್ಡೆಯನ್ನು ತೆಳ್ಳಗೆ ಹಾಳೆಯ ಹಾಗೆ ಕೊಯ್ದು, ಅದು ಎಷ್ಟು ಆಮ್ಲಜನಕ ತಗೊಳ್ಳುತ್ತದೆ, ಎಷ್ಟು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ ಎಂದು ಅಳೆದರು. ಲ್ಯಾಕ್ಟಿಕ್ ಆಮ್ಲ ಅಂದರೆ ನಮ್ಮ ಮೊಸರಿನ ಹುಳಿ. ದೋಸೆ ಹಿಟ್ಟು ರಾತ್ರಿ ಹುಳಿ ಬರುವುದರಲ್ಲೂ ಅದೇ. ಬಸ್ಸಿಗೆ ಓಡಿದಾಗ ಕಾಲಿನ ಸ್ನಾಯುವಿನಲ್ಲೂ ಆಗುತ್ತದೆ, ಏಕೆಂದರೆ ಅಷ್ಟು ಬೇಗ ಆಮ್ಲಜನಕ ಸಾಲುವುದಿಲ್ಲ. ವಿಚಿತ್ರ ಏನೆಂದರೆ, ಗಡ್ಡೆಯ ಕೋಶ ಆಮ್ಲಜನಕ ಬೇಕಾದಷ್ಟು ಇದ್ದರೂ ಸಕ್ಕರೆಯನ್ನು ಹುಳಿ ಬರಿಸುತ್ತಿತ್ತು. ಇದನ್ನೇ ವಾರ್ಬರ್ಗ್ ಪರಿಣಾಮ ಅನ್ನುವುದು.

ಲೆಕ್ಕ ನೋಡಿದರೆ ಇದು ನಷ್ಟದ ವ್ಯಾಪಾರ. ಒಂದು ಗ್ಲೂಕೋಸನ್ನು ಕೋಶದೊಳಗಿನ ಭಟ್ಟಿಯಾದ ಮೈಟೊಕಾಂಡ್ರಿಯದಲ್ಲಿ ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಅಂದರೆ ಕೋಶದ ಕೈಖರ್ಚಿನ ನಾಣ್ಯ. ಹುಳಿ ಬರಿಸಿ ಬಿಟ್ಟರೆ 2 ಮಾತ್ರ. ಮೂವತ್ತು ಬಿಟ್ಟು ಎರಡಕ್ಕೆ ಯಾರು ಒಪ್ಪುತ್ತಾರೆ? ವಾರ್ಬರ್ಗ್ ಅಂದುಕೊಂಡದ್ದು, ಭಟ್ಟಿ ಕೆಟ್ಟಿದೆ ಎಂದು. ಮೈಟೊಕಾಂಡ್ರಿಯ ಹಾಳಾಗಿದೆ, ಕ್ಯಾನ್ಸರಿಗೆ ಮೂಲ ಕಾರಣವೇ ಅದು ಎಂದು 1956ರಲ್ಲೂ ಬರೆದರು. ಇಲ್ಲಿ ಅವರು ತಪ್ಪಿದರು. ಮುಂದೆ ನೋಡಿದರೆ ಬಹಳಷ್ಟು ಗಡ್ಡೆಗಳಲ್ಲಿ ಮೈಟೊಕಾಂಡ್ರಿಯ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ನಮ್ಮೂರ ಮಂಡಕ್ಕಿ ಭಟ್ಟಿಯ ಲೆಕ್ಕದಲ್ಲಿ ಹೇಳುವುದಾದರೆ, ಭಟ್ಟಿ ಕೆಟ್ಟಿಲ್ಲ, ಉರಿಯುತ್ತಲೂ ಇದೆ. ಆದರೆ ಮಾಲೀಕ ಬಂದ ಸೌದೆಯಲ್ಲಿ ಒಂದಿಷ್ಟನ್ನು ಭಟ್ಟಿಗೆ ಹಾಕದೆ ಪಕ್ಕಕ್ಕೆ ಇಡುತ್ತಿದ್ದಾನೆ.

ಯಾಕೆ? ಮನೆ ಕಟ್ಟುವುದಕ್ಕೆ. ಒಂದು ಮರದ ದಿಮ್ಮಿ ಒಲೆಗೆ ಹಾಕಿದರೆ ಬೂದಿ. ತೊಲೆ ಮಾಡಿದರೆ ಮನೆ. ಕ್ಯಾನ್ಸರ್ ಕೋಶಕ್ಕೆ ಬರೀ ಶಾಖ ಬೇಡ, ಒಂದು ಕೋಶ ಎರಡಾಗಬೇಕು. ಎರಡಾಗಬೇಕಾದರೆ ಇನ್ನೊಂದು ಡಿಎನ್‌ಎ ಬೇಕು, ಇನ್ನೊಂದು ಪೊರೆ ಬೇಕು, ಪ್ರೋಟೀನ್ ಬೇಕು. ಇವಕ್ಕೆಲ್ಲ ಕಾರ್ಬನ್ ಬೇಕು. ಸಕ್ಕರೆಯನ್ನು ಅರ್ಧ ದಾರಿಯಲ್ಲೇ ತಿರುಗಿಸಿ ಒಂದು ಪಾಲನ್ನು ಡಿಎನ್‌ಎಯ ಇಟ್ಟಿಗೆಗೆ, ಒಂದು ಪಾಲನ್ನು ಕೊಬ್ಬಿಗೆ ಕಳಿಸುತ್ತದೆ. ಆದರೂ ದೊಡ್ಡ ಪಾಲು ಲ್ಯಾಕ್ಟೇಟ್, ಅಂದರೆ ಅದೇ ಲ್ಯಾಕ್ಟಿಕ್ ಆಮ್ಲ, ಆಗಿ ಹೊರಗೇ ಹೋಗುತ್ತದೆ. ಅಷ್ಟೊಂದು ಯಾಕೆ ಬಿಡುತ್ತದೆ ಎಂದು ವಿಜ್ಞಾನಿಗಳ ನಡುವೆ ಇವತ್ತಿಗೂ ವಾದ ಇದೆ. ವೇಗಕ್ಕಾಗಿ ಅನ್ನುವವರಿದ್ದಾರೆ. ಸಕ್ಕರೆ ಒಡೆಯುವ ಕೆಲಸ ನಿಲ್ಲದೆ ಸಾಗಲು ಲ್ಯಾಕ್ಟೇಟ್ ಮಾಡಲೇಬೇಕು ಅನ್ನುವವರೂ ಇದ್ದಾರೆ.

ಇನ್ನೊಂದು ಮಾತು. ಅದು ಸಕ್ಕರೆ ಒಂದನ್ನೇ ನಂಬಿ ಕೂತಿಲ್ಲ. ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನೂ ಬಹಳ ತಿನ್ನುತ್ತದೆ, ಅದು ನಮ್ಮ ರಕ್ತದಲ್ಲಿ ಎಲ್ಲ ಅಮೈನೋ ಆಮ್ಲಗಳಿಗಿಂತ ಜಾಸ್ತಿ ಇರುವುದು. ಕೊಬ್ಬನ್ನೂ ತಿನ್ನುತ್ತದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು.

ಜೋಗಿಮಟ್ಟಿ ರಸ್ತೆ:
ಚಿತ್ರದುರ್ಗದಿಂದ. ನಮ್ಮ ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಇತ್ತು. ನಾವು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು ಎಂದು ಬರೆಯುತ್ತಿದ್ದೇನೆ. ಕ್ಯಾನ್ಸರ್ ಹುಳಿ ಮೈಯಲ್ಲಿ ಬೆಳೆಯುತ್ತದೆ, ಮೈಯ ಹುಳಿ ತೆಗೆಯಬೇಕು ಎಂದು ಯಾರೋ ಹೇಳಿದರು. ದಿನಾ ಅಡುಗೆ ಸೋಡಾ ನೀರು, ನಿಂಬೆ. ಅಪ್ಪ ಕೊನೆಯ ಮೂರು ತಿಂಗಳು ಬಾಯಿಗೆ ರುಚಿಯಾದದ್ದು ಒಂದೂ ತಿನ್ನಲಿಲ್ಲ. ಒಂದು ದಿನ ಮಿರ್ಚಿ ಮಂಡಕ್ಕಿ ಕೇಳಿದರು. ನಾನೇ ಬೇಡ ಅಂದೆ. ಅವರು ಹೋಗಿ ನಾಲ್ಕು ವರ್ಷ ಆಯಿತು, ಇನ್ನೂ ಆ ರಸ್ತೆಯಲ್ಲಿ ಮಂಡಕ್ಕಿ ಅಂಗಡಿ ನೋಡಿದರೆ ಮುಂದೆ ಹೋಗಲು ಕಷ್ಟ ಆಗುತ್ತದೆ. ಸಾರ್, ಆ ಹುಳಿಯ ಮಾತಿನಲ್ಲಿ ಏನಾದರೂ ನಿಜ ಇತ್ತಾ?

ಕುಂದವಾಡ ಕೆರೆ ದಂಡೆ:
ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಪ್ರೀತಿಯಿಂದ ಮಾಡಿದ್ದು ಅದು.

ಹುಳಿ ಇರುವುದು ಗಡ್ಡೆಯ ಸುತ್ತ ಮಾತ್ರ. ಅದು ಕಾರಣ ಅಲ್ಲ, ಗಡ್ಡೆಯೇ ಲ್ಯಾಕ್ಟಿಕ್ ಆಮ್ಲ ಹೊರಗೆ ಹಾಕಿ ಮಾಡಿಕೊಂಡದ್ದು. ಆ ಹುಳಿಯಲ್ಲಿ ನಮ್ಮ ರೋಗನಿರೋಧಕ ಕೋಶಗಳು ಸರಿಯಾಗಿ ಕೆಲಸ ಮಾಡಲಾರವು, ಅದು ಗಡ್ಡೆಗೆ ಲಾಭ. ಆದರೆ ರಕ್ತದ ಪಿಎಚ್, ಅಂದರೆ ಹುಳಿಯ ಅಳತೆ, 7.35ರಿಂದ 7.45ರ ಒಳಗೇ ಇರುತ್ತದೆ. ಶ್ವಾಸಕೋಶ, ಮೂತ್ರಪಿಂಡ ಹಿಡಿದು ನಿಲ್ಲಿಸುತ್ತವೆ. ಸೋಡಾ ಕುಡಿದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ.

ತೂಕ ಇಳಿಯುವುದಕ್ಕೂ ಈ ಲ್ಯಾಕ್ಟೇಟಿಗೂ ಸಂಬಂಧ ಇದೆ, ಇದನ್ನು ಹಳೇಪೇಟೆಯವರು ಗಮನಿಸಿ ಓದಿ. ಗಡ್ಡೆ ಬಿಟ್ಟ ಲ್ಯಾಕ್ಟೇಟ್ ರಕ್ತಕ್ಕೆ ಬಂದು ಲಿವರಿಗೆ ಹೋಗುತ್ತದೆ. ಲಿವರ್ ಅದನ್ನು ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಕೋರಿ ಚಕ್ರ ಅನ್ನುತ್ತೇವೆ, ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಹೆಸರು, 1947ರಲ್ಲಿ ಅವರಿಗೆ ನೊಬೆಲ್ ಬಂತು. ಗಡ್ಡೆ ಒಂದು ಗ್ಲೂಕೋಸಿನಿಂದ 2 ಎಟಿಪಿ ಗಳಿಸಿದರೆ ಅದನ್ನು ಮತ್ತೆ ಕಟ್ಟಿಕೊಡಲು ಲಿವರ್ 6 ಖರ್ಚು ಮಾಡುತ್ತದೆ. ಸುತ್ತಿಗೆ ನಾಲ್ಕು ನಷ್ಟ. ಕ್ಯಾನ್ಸರಿನಲ್ಲಿ ಮೈ ಸೊರಗುವುದಕ್ಕೆ ಇದಲ್ಲದೆ ಉರಿಯೂತದಂಥ ಬೇರೆ ಕಾರಣಗಳೂ ಇವೆ, ಆದರೆ ಇದೂ ಒಂದು. ಹೀಗೆ ಸೋರುತ್ತಿರುವ ಮನೆಗೆ ಊಟವನ್ನೂ ನಿಲ್ಲಿಸಿದರೆ ಏನಾಗುತ್ತದೆ?

ಚನ್ನಗಿರಿ ತೋಟ:
ನಾನು ಅಡಿಕೆ ಬೆಳೆಯುವವನು. ಮೂವತ್ತು ವರ್ಷದಿಂದ ಎಲೆ ಅಡಿಕೆ ಹಾಕುತ್ತೇನೆ, ತಂಬಾಕು ಇಲ್ಲ. ಈಗ ಬಾಯಿ ಮೂರು ಬೆರಳು ಹೋಗುವಷ್ಟು ತೆರೆಯುವುದಿಲ್ಲ. ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ.

ಕುಂದವಾಡ ಕೆರೆ ದಂಡೆ:
ಕೇಳಬಹುದು, ಕೇಳಿದ್ದು ಒಳ್ಳೆಯದಾಯಿತು. ನಾಳೆಯೇ ದಂತ ವೈದ್ಯರಿಗೆ ಬಾಯಿ ತೋರಿಸಿ. ಅಡಿಕೆ ಇವತ್ತಿಗೇ ನಿಲ್ಲಿಸಿ. ತಂಬಾಕು ಇಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನಮ್ಮ ಜಿಲ್ಲೆಯ ಅನ್ನ ಅದು, ಹೇಳಲು ಮನಸ್ಸಿಗೆ ನೋವಾಗುತ್ತದೆ, ಆದರೂ ಹೇಳಬೇಕು. ಬಾಯಿಯ ಒಳಗಿನ ಚರ್ಮ ನಾರಿನ ಹಾಗೆ ಗಟ್ಟಿಯಾದಾಗ ಅಲ್ಲಿಗೆ ರಕ್ತ ಕಡಿಮೆ, ಆಮ್ಲಜನಕ ಕಡಿಮೆ. ಆಮ್ಲಜನಕ ಕಡಿಮೆಯಾದರೆ ಕೋಶದಲ್ಲಿ ಹಿಫ್ ಎಂಬ ಪ್ರೋಟೀನ್ ಎಚ್ಚರವಾಗುತ್ತದೆ. ಸಕ್ಕರೆಯ ಬಾಗಿಲುಗಳನ್ನು ಹೆಚ್ಚಿಸಿ ಹುಳಿ ಬರಿಸುವ ದಾರಿಗೆ ಹೊರಳಿಸುವ ಸ್ವಿಚ್‌ಗಳಲ್ಲಿ ಅದೊಂದು. ಕೋಶ ಆಮ್ಲಜನಕವನ್ನು ಹೇಗೆ ಅರಿಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ನೀವು ಬಾಯಿ ತೋರಿಸಿ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಜಗಳೂರು ಬಸ್:
ಸರಿ ಸಾರ್, ಬೆಲ್ಲದ ಮಾತು ವಾಪಸ್ ತಗೊಂಡೆ. ಆದರೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೊಟ್ಟರೆ ಕ್ಯಾನ್ಸರ್ ತಡೆಯುತ್ತದೆ ಅಂತ ಓದಿದ್ದೆ. ಅದೂ ಸುಳ್ಳಾ? ಹಾಗಾದರೆ ಸಕ್ಕರೆ ಎಷ್ಟು ತಿಂದರೂ ನಡೆಯುತ್ತದಾ?

ಕುಂದವಾಡ ಕೆರೆ ದಂಡೆ:
ಮೆಟ್‌ಫಾರ್ಮಿನ್ ಬಗ್ಗೆ ಬಹಳ ಆಸೆ ಇತ್ತು. ಮಧುಮೇಹ ಇಲ್ಲದ, ಸ್ತನ ಕ್ಯಾನ್ಸರ್ ಆದ 3,600ಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಖಾಲಿ ಮಾತ್ರೆ. 2022ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಮರಳಿ ಬರುವುದರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ.

ಎಷ್ಟು ತಿಂದರೂ ನಡೆಯುತ್ತದೆ ಎಂದು ನಾನು ಹೇಳಲಿಲ್ಲ. ವರ್ಷಗಟ್ಟಲೆ ಜಾಸ್ತಿ ತಿಂದು ಬೊಜ್ಜು ಬಂದರೆ ಇನ್ಸುಲಿನ್ ಸದಾ ಏರಿರುತ್ತದೆ. ಇನ್ಸುಲಿನ್ ಕೋಶಕ್ಕೆ ಬೆಳೆ ಎಂದು ಹೇಳುವ ಹಾರ್ಮೋನ್. ಗರ್ಭಕೋಶದ ಒಳಪದರ, ದೊಡ್ಡ ಕರುಳು, ಮುಟ್ಟು ನಿಂತ ಮೇಲಿನ ಸ್ತನ, ಇಂಥ ಕೆಲವು ಕ್ಯಾನ್ಸರುಗಳ ಅಪಾಯ ಬೊಜ್ಜಿನಿಂದ ಹೆಚ್ಚುತ್ತದೆ. ಅದು ಗಟ್ಟಿಮುಟ್ಟಾಗಿರುವವರು ಮೊದಲೇ ನೋಡಿಕೊಳ್ಳಬೇಕಾದ ಮಾತು. ಕೀಮೊ ನಡೆಯುತ್ತಿರುವ 48 ಕೆಜಿಯ ತಾಯಿಗೆ ಹೇಳುವ ಮಾತಲ್ಲ.

ಹಳೇಪೇಟೆಯವರೇ, ಅಮ್ಮನಿಗೆ ಯಾವ ಕೀಮೊ ಕೊಡುತ್ತಿದ್ದಾರೆ? ಚೀಟಿಯಲ್ಲಿ ಹೆಸರು ಇದ್ದರೆ ಬರೆಯಿರಿ.

ಹಳೇಪೇಟೆ ಮಗಳು:
ಮೂರು ಹೆಸರು ಇವೆ ಸಾರ್. ಸೈಕ್ಲೊಫಾಸ್ಫಮೈಡ್, ಮೆಥೊಟ್ರೆಕ್ಸೇಟ್, ಫ್ಲೋರೊಯುರಾಸಿಲ್.

ಕುಂದವಾಡ ಕೆರೆ ದಂಡೆ:
ನಾನು ಅಂದುಕೊಂಡದ್ದೇ ಇರಬಹುದೇನೋ ಎಂದು ಕೇಳಿದೆ. ಈಗ ಅಮ್ಮನ ಪಕ್ಕ ಕೂತು ಇದನ್ನು ಓದಿ ಹೇಳಿ.

ಅಮ್ಮ, ಗಡ್ಡೆಯ ಊಟ ನಿಲ್ಲಿಸಬೇಕು ಎಂದು ನೀವು ಹಟ ಹಿಡಿದಿದ್ದೀರಲ್ಲ, ಆ ಕೆಲಸ ನಿಮ್ಮ ಡ್ರಿಪ್ಪಿನಲ್ಲಿ ಆಗಲೇ ನಡೆಯುತ್ತಿದೆ. ಆ ಮೂರು ಔಷಧಿಗಳಲ್ಲಿ ಎರಡು ಮಾಡುವುದು ಅದನ್ನೇ. ಹೊಸ ಡಿಎನ್‌ಎ ಮಾಡಲು ಕೋಶಕ್ಕೆ ಫೋಲಿಕ್ ಆಮ್ಲ ಬೇಕು. ಮೆಥೊಟ್ರೆಕ್ಸೇಟ್ ನೋಡಲು ಅದರ ಹಾಗೇ ಇದ್ದು, ಒಳಗೆ ಹೋಗಿ ಆ ಕೆಲಸ ನಿಲ್ಲಿಸುತ್ತದೆ. ಫ್ಲೋರೊಯುರಾಸಿಲ್ ಕಥೆಯೂ ಹಾಗೇ. ಇಲಿಯ ಲಿವರಿನ ಗಡ್ಡೆ ಯುರಾಸಿಲ್ ಎಂಬ ಪದಾರ್ಥವನ್ನು ಜಾಸ್ತಿ ಎಳೆದುಕೊಳ್ಳುತ್ತದೆ ಎಂದು ಗೊತ್ತಾಯಿತು. ಎಳೆದುಕೊಳ್ಳುವುದಾದರೆ ಎಳೆದುಕೊಳ್ಳಲಿ ಎಂದು ಅದಕ್ಕೆ ಒಂದು ಫ್ಲೋರಿನ್ ಸಿಕ್ಕಿಸಿ, 1957ರಲ್ಲಿ ಔಷಧಿ ಮಾಡಿದರು. ಸ್ಕ್ಯಾನಿನಲ್ಲಿ ಸಕ್ಕರೆಗೆ ಫ್ಲೋರಿನ್ ಸಿಕ್ಕಿಸಿದ ಹಾಗೇ. ಗಡ್ಡೆಯ ಆಸೆಬುರುಕತನವನ್ನೇ ಅದರ ಮೇಲೆ ತಿರುಗಿಸುವ ದಾರಿ ಇದು. ಮಕ್ಕಳ ರಕ್ತ ಕ್ಯಾನ್ಸರಿಗೆ ಆಸ್ಪರಾಜಿನೇಸ್ ಎಂದು ಕೊಡುತ್ತಾರೆ. ಆ ಕೋಶಗಳಿಗೆ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ತಾವೇ ಮಾಡಿಕೊಳ್ಳಲು ಬರುವುದಿಲ್ಲ, ರಕ್ತದಲ್ಲಿರುವುದನ್ನು ಒಡೆದುಬಿಟ್ಟರೆ ಸಾಯುತ್ತವೆ. ಗಡ್ಡೆಯನ್ನು ಉಪವಾಸ ಹಾಕುವುದು ಅಂದರೆ ಹೀಗೆ. ಅದಕ್ಕೆ ಮಾತ್ರ ಅತಿಯಾಗಿ ಬೇಕಾದದ್ದನ್ನು ಹುಡುಕಿ ಕಿತ್ತುಕೊಳ್ಳಬೇಕು. ಎಲ್ಲರಿಗೂ ಬೇಕಾದ ಅನ್ನ ಕಿತ್ತುಕೊಂಡರೆ ಆಗುವುದಿಲ್ಲ.

ಈ ಕಥೆಯಲ್ಲಿ ನಮ್ಮವರೊಬ್ಬರು ಇದ್ದಾರೆ. ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡಿದರು. 1929ರಲ್ಲಿ ಎಟಿಪಿಯನ್ನು ಬೇರ್ಪಡಿಸಿದವರಲ್ಲಿ ಅವರೂ ಒಬ್ಬರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಕೂಡ ಕಂಡುಕೊಂಡರು. ಮುಂದೆ ಲೆಡರ್ಲೆ ಪ್ರಯೋಗಾಲಯದಲ್ಲಿ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡಿ ಅಮಿನೊಪ್ಟೆರಿನ್, ಮೆಥೊಟ್ರೆಕ್ಸೇಟ್ ಮಾಡಿತು. 1948ರಲ್ಲಿ ಸಿಡ್ನಿ ಫಾರ್ಬರ್ ಬಾಸ್ಟನ್ನಿನ ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟು ರಕ್ತ ಕ್ಯಾನ್ಸರ್ ಸ್ವಲ್ಪ ಕಾಲವಾದರೂ ಹಿಮ್ಮೆಟ್ಟಿದ್ದನ್ನು ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಕೋಶದ ಶಕ್ತಿಯ ನಾಣ್ಯವನ್ನೂ, ಕ್ಯಾನ್ಸರ್ ಕೋಶದ ಕಟ್ಟಡ ನಿಲ್ಲಿಸುವ ಔಷಧಿಯನ್ನೂ ಮುಟ್ಟಿದ ಕೈ ಅದು. ಮೂವತ್ತು ವರ್ಷ ಪಾಠ ಮಾಡಿದೆ, ಈ ಭಾಗ ಬಂದಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು.

ಆದರೆ ಈ ಔಷಧಿಗಳು ಬೇಗ ಬೇಗ ಬೆಳೆಯುವ ಒಳ್ಳೆಯ ಕೋಶಗಳನ್ನೂ ಹೊಡೆಯುತ್ತವೆ. ಬಾಯಿಯ ಪದರ, ಕರುಳು, ಬಿಳಿ ರಕ್ತಕಣ. ಅವು ಮತ್ತೆ ಬೆಳೆದು ಬಂದರೆ ಮಾತ್ರ ಮುಂದಿನ ಕೀಮೊ. ಬೆಳೆಯಲು ಅಮ್ಮನ ಮೈಯಲ್ಲಿ ಸರಕು ಇರಬೇಕು. ಕ್ಯಾನ್ಸರ್ ರೋಗಿಗಳಿಗೆ ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಎಂದು ಪೋಷಣಾ ತಜ್ಞರ ಸಲಹೆ. 48 ಕೆಜಿಗೆ 1,200ರಿಂದ 1,400 ಕ್ಯಾಲೊರಿ, 50ರಿಂದ 70 ಗ್ರಾಂ ಪ್ರೋಟೀನ್ ಆಗುತ್ತದೆ. ಸೌತೆಕಾಯಿಯಲ್ಲಿ ಇದು ಬರುವುದಿಲ್ಲ. ಎರಡು ತಿಂಗಳು ಬಿಟ್ಟಿದ್ದಾರೆ, ಒಂದೇ ಸಲ ಜಾಸ್ತಿ ಬೇಡ. ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಕೇಳಿ, ಸ್ವಲ್ಪ ಸ್ವಲ್ಪ ಶುರು ಮಾಡಿ. ಇನ್ನೊಂದು, ಡಾಕ್ಟರನ್ನು ಕೇಳದೆ ವಿಟಮಿನ್ ಮಾತ್ರೆ ಕೊಡಬೇಡಿ, ಅದರಲ್ಲಿ ಫೋಲಿಕ್ ಆಮ್ಲ ಇರುತ್ತದೆ.

ಸ್ಕ್ಯಾನ್ ರೂಮಿನವ:
ಸಾರ್, ನಾಳೆಯಿಂದ ನಾನು ರೋಗಿಗಳಿಗೆ ಸಕ್ಕರೆ ಚುಚ್ಚುತ್ತೇವೆ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಸ್ಕ್ಯಾನ್ ಮುಗಿದ ಮೇಲೆ ಹೊಟ್ಟೆ ತುಂಬ ಊಟ ಮಾಡಿ ಎಂದೂ ಹೇಳುತ್ತೇನೆ.

ಹಳೇಪೇಟೆ ಮಗಳು:
ಹನ್ನೊಂದು ದಿನ ಆಯಿತು, ಬರೆಯಲು ಆಗಿರಲಿಲ್ಲ.

ಅವತ್ತು ರಾತ್ರಿ ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಚಿಕ್ಕಪ್ಪನೂ ಕೂತಿದ್ದರು. ಸುಬ್ಬರಾವ್ ವಿಷಯ ಬಂದಾಗ ಅಮ್ಮ ಎರಡು ಸಲ ಓದಿಸಿದರು. ಏನೂ ಮಾತಾಡಲಿಲ್ಲ. ಮಾರನೇ ದಿನ ಡಯಟೀಷಿಯನ್ ಹತ್ತಿರ ಹೋದೆವು, ಅವರು ಬರೆದುಕೊಟ್ಟರು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮೆತ್ತಗೆ ಮಾಡಿದ ಅನ್ನಕ್ಕೆ ಬೇಳೆ ಕಟ್ಟು, ಸಂಜೆ ಒಂದು ಬೇಯಿಸಿದ ಮೊಟ್ಟೆ. ಮೊದಲ ಎರಡು ದಿನ ಪ್ರತಿ ತುತ್ತಿಗೂ ಎದೆಯ ಮೇಲೆ ಆಪರೇಷನ್ ಆದ ಜಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾಲ್ಕನೇ ದಿನ ಅದು ನಿಂತಿತು.

ಈವತ್ತು 49.1 ಕೆಜಿ. ಬಿಳಿ ರಕ್ತಕಣ ಏರಿದೆ. ಸೋಮವಾರ ಕೀಮೊ ಹಾಕುತ್ತಾರೆ. ಬಾಯಿ ಹುಣ್ಣಿಗೆ ಖಾರ ತಡೆಯುವುದಿಲ್ಲ, ಶೇಂಗಾ ಚಟ್ನಿ ಪುಡಿ ಬೇಕು ಅನ್ನುತ್ತಿದ್ದಾರೆ. ಖಾರ ಹಾಕದೆ ಮಾಡುವುದು ಹೇಗೆ, ಯಾರಾದರೂ ಹೇಳುತ್ತೀರಾ?

ಜೋಗಿಮಟ್ಟಿ ರಸ್ತೆ:
ನಾನು ಹೇಳುತ್ತೇನೆ ಅಕ್ಕ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಹುರಿಗಡಲೆ ಅರ್ಧ ಪಾಲು ಸೇರಿಸಿ. ಜೀರಿಗೆ, ಒಂದು ಎಸಳು ಕರಿಬೇವು, ಉಪ್ಪು ಚೂರು ಕಡಿಮೆ. ನುಣ್ಣಗೆ ಪುಡಿ ಮಾಡಿ, ತರಿ ಉಳಿದರೆ ಹುಣ್ಣಿಗೆ ಚುಚ್ಚುತ್ತದೆ. ಮೊಸರಲ್ಲಿ ಕಲಸಿ ಕೊಡಿ.

ಚನ್ನಗಿರಿ ತೋಟ:
ಬಾಯಿ ತೋರಿಸಿ ಬಂದೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಗುರುವಾರ. ಅಡಿಕೆ ಬಿಟ್ಟು ಹತ್ತು ದಿನ.